ಎಂಟು ಮಿಲಿಮೀಟರಿನ ಕೈಗಳು

ಮೂತ್ರ ಕೆಂಪಾದರೆ ಮೈಸೂರು ಕಡೆ ಮೊದಲು ಬರುವ ಮಾತು ‘ಉಷ್ಣ’. ಎಳನೀರು, ಬಾರ್ಲಿ ನೀರು, ಎರಡು ದಿನ ಬಿಸಿಲಿಗೆ ಹೋಗದಿದ್ದರಾಯಿತು. ತಮಾಷೆಯೆಂದರೆ ಆ ಕೆಂಪು ನಿಜಕ್ಕೂ ಹೋಗಿಬಿಡುತ್ತದೆ. ಮೂತ್ರಕೋಶದ ಕ್ಯಾನ್ಸರ್ ಗಡ್ಡೆಯ ಚಾಳಿಯೇ ಅದು: ನೋವಿಲ್ಲದೆ ಒಮ್ಮೆ ರಕ್ತ ಸುರಿಸಿ, ವಾರಗಟ್ಟಲೆ ಸುಮ್ಮನಿದ್ದುಬಿಡುತ್ತದೆ. ಹೆಸರು ಮಾತ್ರ ಎಳನೀರಿಗೆ.

ಮೈಸೂರಿನ ಉದಯಗಿರಿಯಲ್ಲಿ ಇದನ್ನು ಒತ್ತಿ ಹೇಳಲು ಕಾರಣವಿದೆ. ಇಲ್ಲಿನ ಓಣಿಗಳಿಗೆ ಬೀಡಿ ಕಟ್ಟುವ ಕೆಲಸ ಹೊಸದಲ್ಲ, ಸೇದುವುದೂ ಅಷ್ಟೆ. ಅತ್ತ ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಸಿಗರೇಟಿನ ವರ್ಜೀನಿಯಾ ಹೊಗೆಸೊಪ್ಪಿನ ಹೊಲಗಳು. ಸೇದಿದ ಹೊಗೆಯ ವಿಷ ಶ್ವಾಸಕೋಶದಿಂದ ರಕ್ತಕ್ಕಿಳಿದು, ಮೂತ್ರಪಿಂಡದಲ್ಲಿ ಸೋಸಿಕೊಂಡು, ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಅಮೆರಿಕದ ಲೆಕ್ಕದಲ್ಲಿ ಈ ಕ್ಯಾನ್ಸರ್‌ನ ಸುಮಾರು ಅರ್ಧ ಪಾಲಿಗೆ ಧೂಮಪಾನವೇ ಮೂಲ.

ಗಡ್ಡೆ ಸ್ನಾಯುವಿನೊಳಗೆ ಇಳಿದಿದ್ದರೆ ಸಾಮಾನ್ಯವಾಗಿ ಇಡೀ ಮೂತ್ರಕೋಶವನ್ನೇ ತೆಗೆದು, ಸಣ್ಣಕರುಳಿನ ತುಂಡಿನಿಂದ ಮೂತ್ರಕ್ಕೆ ಬೇರೆ ದಾರಿ ಮಾಡಬೇಕು. ಗಂಟೆಗಟ್ಟಲೆ ಹಿಡಿಯುವ ಈ ದೊಡ್ಡ ಶಸ್ತ್ರಚಿಕಿತ್ಸೆಗೂ ಈಗ ರೋಬೋಟ್ ಬಂದಿದೆ.

ರೋಬೋಟ್ ಎಂದರೆ ತಾನೇ ಕುಯ್ಯುವ ಯಂತ್ರವಲ್ಲ. ಇದು ಬೊಂಬೆಯಾಟ, ಸೂತ್ರಧಾರ ಅದೇ ಕೋಣೆಯ ಮೂಲೆಯಲ್ಲಿ ಕುಳಿತ ಸರ್ಜನ್. ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿ ಉಬ್ಬಿಸಿ, ಸುಮಾರು 8 ಮಿಲಿಮೀಟರ್ ರಂಧ್ರಗಳಿಂದ ಕ್ಯಾಮೆರಾ ಮತ್ತು ಉಪಕರಣಗಳನ್ನು ಇಳಿಸುತ್ತಾರೆ. ಸರ್ಜನ್ನರ ಕಣ್ಣಿಗೆ ಒಳಗಿನದೆಲ್ಲ ಹತ್ತು ಪಟ್ಟು ಹಿಗ್ಗಿ, ಆಳ ಸಹಿತ ಕಾಣುತ್ತದೆ. ಅವರ ಕೈ ಮೂರು ಸೆಂಟಿಮೀಟರ್ ಸರಿದರೆ ಒಳಗಿನ ತುದಿ ಒಂದೇ ಸೆಂಟಿಮೀಟರ್ ಸರಿಯುವಂತೆ ಹೊಂದಿಸಬಹುದು. ಬೆರಳ ನಡುಕ ಒಳಗೆ ಹೋಗುವುದಿಲ್ಲ. ಮಣಿಕಟ್ಟಿನಂತೆ ತಿರುಗುವ ತುದಿಯಿಂದಾಗಿ ಇಕ್ಕಟ್ಟಿನಲ್ಲೂ ಹೊಲಿಗೆ ಹಾಕಬಹುದು. ಆದರೆ ಹೆಚ್ಚಿನ ಯಂತ್ರಗಳಲ್ಲಿ ಮುಟ್ಟಿದ ಅನುಭವ ಕೈಗೆ ಬರುವುದಿಲ್ಲ. ದಾರ ಎಷ್ಟು ಬಿಗಿಯಾಯಿತೆಂದು ಕಣ್ಣಲ್ಲೇ ಅಳೆಯಬೇಕು.

‘ಡಾ ವಿಂಚಿ’ ಎಂಬ ರೋಬೋಟ್ ಯಂತ್ರ ಹೆಸರು ಮಾಡಿದ್ದು ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಚಿಕಿತ್ಸೆಯಿಂದ. ಅಮೆರಿಕದಲ್ಲಿ 2001ರಲ್ಲಿ ಪ್ರಾಸ್ಟೇಟ್ ತೆಗೆಯಲು ಇದನ್ನು ಬಳಸುವ ಅನುಮತಿ ಸಿಕ್ಕಿತು. ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯಲ್ಲಿ ಭಾರತ ಮೂಲದ ಮಣಿ ಮೆನನ್ ಆ ವಿಧಾನವನ್ನು ಪಳಗಿಸಿದರು. ಈ ಗ್ರಂಥಿ ಇರುವುದು ಕಟಿಯ ಎಲುಬಿನ ಗೂಡಿನ ತಳದಲ್ಲಿ. ಲೈಂಗಿಕ ಶಕ್ತಿಗೆ ಬೇಕಾದ ನರಗಳು ಅದರ ಪಕ್ಕೆಗಳಿಗೆ ಅಂಟಿಕೊಂಡೇ ಸಾಗುತ್ತವೆ. ಅಲ್ಲಿ ಚೆನ್ನಾಗಿ ಕಾಣುವುದೇ ಅರ್ಧ ಕೆಲಸ.

ಹಾಗಾದರೆ ರೋಬೋಟ್ ಗೆದ್ದಿತೇ? ಜಾಹೀರಾತಿನಷ್ಟಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಪ್ರಾಸ್ಟೇಟ್ ತೆಗೆಸಿಕೊಂಡವರನ್ನು ಎರಡು ವರ್ಷ ಹಿಂಬಾಲಿಸಿ ನೋಡಿದರು. ಮೂತ್ರದ ಹಿಡಿತ, ಲೈಂಗಿಕ ಶಕ್ತಿ ಎರಡರಲ್ಲೂ ತೆರೆದ ಶಸ್ತ್ರಚಿಕಿತ್ಸೆಗೂ ರೋಬೋಟಿನದಕ್ಕೂ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ. ಮೂತ್ರಕೋಶದ ಬಗ್ಗೆ 2022ರಲ್ಲಿ ಬ್ರಿಟನ್ನಿನ 338 ರೋಗಿಗಳ ಅಧ್ಯಯನ ಬಂತು: ಮೊದಲ 90 ದಿನಗಳಲ್ಲಿ ಆಸ್ಪತ್ರೆಯ ಹೊರಗೆ ಕಳೆದದ್ದು ರೋಬೋಟಿನವರು 82 ದಿನ, ತೆರೆದ ವಿಧಾನದವರು 80. ಗಾಯದ ತೊಂದರೆ, ರಕ್ತ ಹೆಪ್ಪುಗಟ್ಟುವುದು ರೋಬೋಟಿನವರಲ್ಲಿ ಕಡಿಮೆ. ಲಾಭ ನಿಜ, ಪವಾಡವಲ್ಲ. ಮೇಲಾಗಿ ಉಪಕರಣದ ತುದಿಗಳನ್ನು ಇಷ್ಟೇ ಸಲ ಬಳಸಬೇಕೆಂದು ಯಂತ್ರವೇ ಎಣಿಸುತ್ತದೆ. ಆ ಲೆಕ್ಕ ಬಿಲ್ಲಿಗೂ ಬರುತ್ತದೆ. ಹಾಗಾಗಿ ‘ನಿಮ್ಮಲ್ಲಿ ರೋಬೋಟ್ ಇದೆಯಾ?’ ಎನ್ನುವುದಕ್ಕಿಂತ ‘ಇಂಥವು ಎಷ್ಟು ಮಾಡಿದ್ದೀರಿ ಡಾಕ್ಟ್ರೇ?’ ಎಂದು ಕೇಳುವುದು ಹೆಚ್ಚು ಉಪಯೋಗದ ಪ್ರಶ್ನೆ.

ಇನ್ನು ಎಳನೀರು ಕುಡಿದು ಸುಮ್ಮನಾಗದೆ, ಕೆಂಪು ಕಂಡ ವಾರವೇ ಮೂತ್ರ ಪರೀಕ್ಷೆಗೆ ಹೋದವರ ವಿಷಯ. ದುರ್ಬೀನು ಹಾಕಿ ನೋಡಿದಾಗ ಗಡ್ಡೆ ಒಳಪದರದಲ್ಲೇ ಇದ್ದರೆ ಮೂತ್ರದ್ವಾರದ ಮೂಲಕವೇ ಅದನ್ನು ಕೆರೆದು ತೆಗೆಯುತ್ತಾರೆ. ಮರಳಿ ಬಂದೀತೆಂದು ಆಗಾಗ ತಪಾಸಣೆ ಬೇಕು, ಕೆಲವರಿಗೆ ಮೂತ್ರಕೋಶದೊಳಗೇ ಔಷಧಿಯೂ ಬೇಕಾದೀತು. ಹೊಟ್ಟೆಯ ಮೇಲೆ ಮಾತ್ರ ಒಂದು ರಂಧ್ರವೂ ಇರುವುದಿಲ್ಲ.