ಹತ್ತಿಯೂರಿಗೆ ಬಂದ ಮದಲಗಿತ್ತಿ

ಆದವಾನಿ ಎಂದರೆ ಹತ್ತಿ ಮಾರುಕಟ್ಟೆ. 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕು.

ಆ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ಬೈಬಲ್ಲನ್ನು ಕನ್ನಡಕ್ಕೆ ತರಲು ಕೂತರು. ಮುಂದೆ ಕನ್ನಡ ಬೈಬಲ್ಲಿನಲ್ಲಿ ನೆಲೆನಿಂತ ಪದ ನಮ್ಮ ಮದುವೆಮನೆಯದೇ: ಮದಲಗಿತ್ತಿ. ಯಾರವಳು? ಒಬ್ಬ ಹೆಣ್ಣಲ್ಲ, ಇಡೀ ಕ್ರೈಸ್ತ ಸಭೆ, ಅಂದರೆ ಭಕ್ತರ ಸಮುದಾಯ. ಮದಲಿಂಗ ಕ್ರಿಸ್ತ.

ಅಪೊಸ್ತಲ ಪೌಲನ ಪ್ರಕಾರ ನಿಶ್ಚಿತಾರ್ಥ ಮುಗಿದಿದೆ. ಮದುವೆ, ಕ್ರಿಸ್ತ ಮತ್ತೆ ಬಂದಾಗ. ಮುಹೂರ್ತ ಮಾತ್ರ ಯಾರಿಗೂ ಗೊತ್ತಿಲ್ಲ! ಅದಕ್ಕೇ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಮದಲಿಂಗನಿಗಾಗಿ ಕಾದ ಹತ್ತು ಕನ್ಯೆಯರಲ್ಲಿ ಐವರು ದೀಪದ ಜೊತೆ ಎಣ್ಣೆಯನ್ನೂ ಒಯ್ದರು.

ಉಡುಗೆ? ಪ್ರಕಟನೆ ಗ್ರಂಥದ 19ನೇ ಅಧ್ಯಾಯದಲ್ಲಿ ಮದಲಗಿತ್ತಿಗೆ ನಯವಾದ ನಾರುಮಡಿ. ಹತ್ತಿಯೂರು ಕ್ಷಮಿಸಲಿ. ಆ ಬಟ್ಟೆ ಎಂದರೆ ಭಕ್ತರ ಸತ್ಕಾರ್ಯಗಳು.

ಬೈಬಲ್ಲಿನ ಕೊನೆಯ ಅಧ್ಯಾಯದಲ್ಲಿ ಮದಲಗಿತ್ತಿ ಬಾಯಿಬಿಡುತ್ತಾಳೆ. ಹೇಳುವುದು ಒಂದೇ ಮಾತು: ಬಾ.