ಕಾರಿನೊಳಗಿನ ಸದ್ದು: ಮಿತವ್ಯಯದ ನಿವಾರಣೋಪಾಯ

ಹಾನಗಲ್ಲ, ಶಿಗ್ಗಾಂವಿ, ಸವಣೂರು ಹಾಗೂ ಹಿರೇಕೆರೂರ ತಾಲೂಕುಗಳ ವರ್ತಕರಿಗೆ ಇಂದು ಕಾರು ವೈಭವದ ವಸ್ತುವಾಗಿ ಉಳಿದಿಲ್ಲ. ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆ, ಬ್ಯಾಡಗಿಯ ಮೆಣಸಿನಕಾಯಿ ಪೇಟೆ, ರಾಣೆಬೆನ್ನೂರು ಮತ್ತು ಹಾವೇರಿಗಳಿಗೆ ವಾರದಲ್ಲಿ ಹಲವು ಬಾರಿ ಹೋಗಿಬರುವವರಿಗೆ ಅದು ಸಂಚಾರಿ ಕಚೇರಿಯೇ ಆಗಿದೆ. ಧಾರಣೆಯ ವಿಚಾರಣೆಯಿಂದ ಹಿಡಿದು ಬಾಕಿ ವಸೂಲಿಯ ಚರ್ಚೆಯವರೆಗೆ ಎಷ್ಟೋ ವ್ಯವಹಾರಗಳು ಅದರೊಳಗೇ ನಡೆಯುತ್ತವೆ. ಆದರೆ ಕಡಿಮೆ ಬೆಲೆಯ ಸಣ್ಣ ಕಾರುಗಳಲ್ಲಿ ತೂಕ ಮತ್ತು ವೆಚ್ಚ ಉಳಿಸುವ ಸಲುವಾಗಿ ಶಬ್ದನಿರೋಧಕ ಪದರಗಳನ್ನು ಮಿತವಾಗಿ ಬಳಸಿರುತ್ತಾರೆ. ಪರಿಣಾಮವಾಗಿ ಹೆದ್ದಾರಿಯಲ್ಲಿ ಮಾತು ಕೇಳಿಸದು, ಊರು ಮುಟ್ಟುವಷ್ಟರಲ್ಲಿ ಆಯಾಸವಾಗಿರುತ್ತದೆ. ಇಡೀ ಕಾರಿಗೆ ಹೊದಿಕೆ ಹಾಕಿಸುವುದೊಂದೇ ಇದಕ್ಕೆ ಪರಿಹಾರವೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಕ್ರಮಬದ್ಧವಾಗಿ ನಡೆದರೆ ಅದರ ಸಣ್ಣ ಅಂಶದಷ್ಟು ವೆಚ್ಚದಲ್ಲಿಯೇ ಬಹುಪಾಲು ಪ್ರಯೋಜನವನ್ನು ಪಡೆಯಬಹುದು.

ಸದ್ದಿನ ಲೆಕ್ಕ ಬೇರೆ

ಶಬ್ದವನ್ನು ಡೆಸಿಬೆಲ್ ಮಾನದಲ್ಲಿ ಅಳೆಯುತ್ತಾರೆ. ಇದು ಸಾಮಾನ್ಯ ಕೂಡುವ ಲೆಕ್ಕವಲ್ಲ. ತಲಾ 70 ಡೆಸಿಬೆಲ್‌ನ ಎರಡು ಸದ್ದುಗಳು ಸೇರಿದರೆ 140 ಆಗದೆ ಕೇವಲ 73 ಆಗುತ್ತದೆ. ಕಿವಿಗೆ ಸದ್ದು ಅರ್ಧದಷ್ಟು ಇಳಿದಂತೆ ತೋರಬೇಕಾದರೆ ಸುಮಾರು 10 ಡೆಸಿಬೆಲ್ ತಗ್ಗಬೇಕು. ಒಂದು ಕಾರಿನಲ್ಲಿ ಟೈರಿನ ಸದ್ದು 70 ಹಾಗೂ ಗಾಳಿಯ ಸದ್ದು 60 ಡೆಸಿಬೆಲ್ ಇದೆಯೆಂದು ಭಾವಿಸೋಣ. ಗಾಳಿಯ ಸದ್ದನ್ನು ಸಂಪೂರ್ಣವಾಗಿ ನಿವಾರಿಸಿದರೂ ಒಟ್ಟು ಇಳಿಕೆ ಅರ್ಧ ಡೆಸಿಬೆಲ್‌ಗಿಂತ ಕಡಿಮೆ. ಆ ಹಣ ವ್ಯರ್ಥವೆಂದೇ ಅರ್ಥ. ಆದ್ದರಿಂದ ಅತಿ ದೊಡ್ಡ ಸದ್ದಿನ ಮೂಲವನ್ನು ಮೊದಲು ಗುರುತಿಸುವುದು ಅವಶ್ಯಕ. ದಾಸ್ತಾನಿನಲ್ಲಿ ಹೆಚ್ಚು ಮೌಲ್ಯದ ಸರಕಿಗೆ ಮೊದಲು ಗಮನ ಕೊಡುವ ವರ್ತಕರಿಗೆ ಈ ನೀತಿ ಹೊಸದೇನಲ್ಲ.

ಮೂಲ ಪತ್ತೆ ಹಚ್ಚುವ ವಿಧಾನ

ಕಾರನ್ನು ನಿಲ್ಲಿಸಿಯೇ ಎಂಜಿನ್ ವೇಗ ಹೆಚ್ಚಿಸಿದಾಗ ಅದೇ ಸದ್ದು ಕೇಳಿಬಂದರೆ ಅದು ಎಂಜಿನ್ ಕಡೆಯದು. ಡಾಂಬರು ರಸ್ತೆಯಿಂದ ಕಾಂಕ್ರೀಟ್ ರಸ್ತೆಗೆ ಬಂದಾಗ ಸ್ವರ ಬದಲಾದರೆ ಅದು ಟೈರಿನದು. ತಿರುವಿನಲ್ಲಿ ಗುಂಯ್‌ಗುಡುವಿಕೆ ಏರಿಳಿದರೆ ಚಕ್ರದ ಬೇರಿಂಗ್ ಪರೀಕ್ಷಿಸಬೇಕು. ಬಾಗಿಲ ಸಂದುಗಳಿಗೆ ತಾತ್ಕಾಲಿಕವಾಗಿ ಅಂಟುಪಟ್ಟಿ ಹಚ್ಚಿ ಓಡಿಸಿದಾಗ ಸದ್ದು ತಗ್ಗಿದರೆ ಗಾಳಿ ನುಸುಳುತ್ತಿದೆ ಎಂದು ತಿಳಿಯಬೇಕು. ಹಳೆಯ ರಸೀದಿಯ ಕಾಗದವೊಂದನ್ನು ಬಾಗಿಲಿನಲ್ಲಿ ಸಿಕ್ಕಿಸಿ ಮುಚ್ಚಿ ಎಳೆದಾಗ ಅದು ಸಲೀಸಾಗಿ ಬಂದರೆ ಅಲ್ಲಿಯ ರಬ್ಬರ್ ಸವೆದಿದೆ. ಮೊಬೈಲಿನ ಡೆಸಿಬೆಲ್ ಮಾಪಕ ನಿಖರವಲ್ಲದಿದ್ದರೂ, ಅದೇ ರಸ್ತೆ ಹಾಗೂ ಅದೇ ವೇಗದಲ್ಲಿ ಮುನ್ನ-ನಂತರದ ಹೋಲಿಕೆಗೆ ಸಾಕಾಗುತ್ತದೆ.

ಸವೆದ ರಬ್ಬರ್ ಬದಲಾವಣೆ, ಟೈರಿನ ಗಾಳಿಯ ಒತ್ತಡದ ಸರಿಪಡಿಕೆ, ಚಕ್ರದ ಮೇಲಿನ ಕಳಚಿಹೋದ ಪ್ಲಾಸ್ಟಿಕ್ ಹೊದಿಕೆಯ ಮರುಜೋಡಣೆ, ಸಡಿಲ ಸ್ಕ್ರೂಗಳ ಬಿಗಿತ - ಇವು ಅತಿ ಅಗ್ಗದ ಕ್ರಮಗಳು. ಇವನ್ನು ಮುಗಿಸದೆ ಪದರ ಕೊಳ್ಳಬಾರದು.

ಮೂರು ಬಗೆಯ ಸಾಮಗ್ರಿ

ಮೊದಲನೆಯದು ಕಂಪನ ತಡೆಯುವ ಪದರ. ಅಲ್ಯೂಮಿನಿಯಂ ಹಾಳೆ ಹೊದಿಸಿದ ಬ್ಯೂಟೈಲ್ ರಬ್ಬರಿನ ಅಂಟುಹಾಳೆ ಇದಕ್ಕೆ ಸೂಕ್ತ. ಬಾಗಿಲಿನ ತೆಳು ತಗಡು ತಮಟೆಯಂತೆ ನಡುಗುವುದನ್ನು ಇದು ನಿಲ್ಲಿಸುತ್ತದೆ. ಎರಡನೆಯದು ಸದ್ದನ್ನು ಹೀರುವ ಫೋಮ್, ಹತ್ತಿ ಅಥವಾ ಸೆಣಬಿನ ಫೆಲ್ಟ್. ಮೂರನೆಯದು ಸದ್ದಿಗೆ ಗೋಡೆಯಾಗುವ ಭಾರವಾದ ವಿನೈಲ್ ಹಾಳೆ. ಒಂದರ ಕೆಲಸವನ್ನು ಇನ್ನೊಂದು ಮಾಡದು. ಬರಿಯ ಫೋಮ್ ಅಂಟಿಸಿ ಟೈರಿನ ದಪ್ಪ ಸದ್ದು ನಿಲ್ಲಬೇಕೆಂದರೆ ನಿರಾಶೆಯೇ ಗತಿ.

ಕಂಪನ ತಡೆಯಲು ಇಡೀ ತಗಡನ್ನು ಮುಚ್ಚಬೇಕಾಗಿಲ್ಲ, ನಡುಭಾಗದಲ್ಲಿ ಶೇ. 25ರಿಂದ 30ರಷ್ಟು ಅಂಟಿಸಿದರೆ ಹೆಚ್ಚಿನ ಪರಿಣಾಮ ದೊರೆಯುತ್ತದೆ. ಬಾಗಿಲೊಂದರ ಹೊರತಗಡು ಅರ್ಧ ಚದರ ಮೀಟರ್ ಎಂದು ಹಿಡಿದರೆ ನಾಲ್ಕು ಬಾಗಿಲುಗಳಿಗೆ 2 ಚದರ ಮೀಟರ್ ಬದಲು ಸುಮಾರು ಅರ್ಧ ಚದರ ಮೀಟರ್ ಹಾಳೆ ಸಾಕು. ಎರಡು ಮಿ.ಮೀ. ದಪ್ಪದ ಬ್ಯೂಟೈಲ್ ಹಾಳೆ ಚದರ ಮೀಟರಿಗೆ 3 ಕಿಲೋ ಮೀರಿ ತೂಗುತ್ತದೆ. ಇಡೀ ಕಾರಿಗೆ 10 ಚದರ ಮೀಟರ್ ಹಚ್ಚಿಸಿದರೆ 30 ಕಿಲೋಗೂ ಅಧಿಕ ಭಾರವನ್ನು ನಿತ್ಯ ಹೊತ್ತು ತಿರುಗಿದಂತೆ. ಇಂಧನದ ವೆಚ್ಚವೂ ಅಷ್ಟರಮಟ್ಟಿಗೆ ಏರುತ್ತದೆ.

ಎಚ್ಚರಿಕೆಯ ಅಂಶಗಳು

ಮೇಲ್ಛಾವಣಿಯ ಸೋರಿಕೆ ತಡೆಯುವ ಡಾಂಬರು ಪಟ್ಟಿಯನ್ನು ಅಗ್ಗವೆಂದು ಕಾರಿಗೆ ಬಳಸಬಾರದು. ಬೇಸಿಗೆಯ ಬಿಸಿಲಿಗೆ ಅದು ಕರಗಿ ಜಾರುತ್ತದೆ, ವಾಸನೆಯೂ ಬರುತ್ತದೆ. ಬಾಗಿಲಿನ ಕೆಳಗಿರುವ ನೀರು ಹರಿಯುವ ರಂಧ್ರಗಳನ್ನು ಮುಚ್ಚಿದರೆ, ವಿಶೇಷವಾಗಿ ಮಲೆನಾಡ ಸೆರಗಿನ ಹಾನಗಲ್ಲ ಭಾಗದ ಮಳೆಗೆ, ತಗಡು ತುಕ್ಕು ಹಿಡಿಯುವುದು ಖಚಿತ. ಗಾಳಿಚೀಲ ಹಾಗೂ ಅದರ ಸಂವೇದಕಗಳ ಬಳಿ ಕೈಹಾಕಬಾರದು. ಒಳಾಂಗಣ ಸಾಮಗ್ರಿ ಬೇಗ ಬೆಂಕಿ ಹಿಡಿಯಬಾರದೆಂಬ ಭಾರತೀಯ ಮಾನಕ ಐಎಸ್ 15061ಕ್ಕೆ ಅದು ಒಳಪಟ್ಟಿದೆಯೇ ಎಂದು ಅಂಗಡಿಯವರನ್ನು ಕೇಳುವುದು ಖರೀದಿದಾರನ ಹಕ್ಕು.

ಲೆಕ್ಕಪುಸ್ತಕದಲ್ಲಿ

ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನದ ಮೇಲೆ, ಹಾಗೂ ಅದರ ದುರಸ್ತಿ, ನಿರ್ವಹಣಾ ಸೇವೆಗಳ ಮೇಲೆ ಸಾಮಾನ್ಯ ವರ್ತಕರಿಗೆ ಜಿಎಸ್‌ಟಿ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)ನೇ ಕಲಂ ಇದನ್ನು ನಿರ್ಬಂಧಿಸಿದೆ. ಆದ್ದರಿಂದ ದರಪಟ್ಟಿ ಹೋಲಿಸುವಾಗ ತೆರಿಗೆಯನ್ನೂ ಸೇರಿಸಿಯೇ ನೋಡಬೇಕು. ಸವೆದ ರಬ್ಬರಿನ ಬದಲಾವಣೆ ದುರಸ್ತಿ ಖರ್ಚು. ಹೊಸದಾಗಿ ಅಳವಡಿಸಿದ ಪದರದ ವೆಚ್ಚವನ್ನು ವಾಹನದ ಮೌಲ್ಯಕ್ಕೆ ಸೇರಿಸಿ ಶೇ. 15ರ ಸವಕಳಿ ಪಡೆಯುವುದು ಸುರಕ್ಷಿತ ಕ್ರಮ. ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದು ಪಾವತಿಸಿದರೆ ಆ ವೆಚ್ಚಕ್ಕೆ ಮಾನ್ಯತೆ ಸಿಗದು. ಕಾರು ಮನೆಗೆಲಸಕ್ಕೂ ಬಳಕೆಯಾಗುತ್ತಿದ್ದರೆ ಆ ಪಾಲನ್ನು ಕಳೆಯಬೇಕು.

ತಯಾರಕರಿಗೊಂದು ಸುಳಿವು

ಹಾವೇರಿ ಜಿಲ್ಲೆಯಲ್ಲಿ ಹತ್ತಿ ಬೆಳೆಯುತ್ತದೆ. ಹತ್ತಿಯ ತ್ಯಾಜ್ಯ ನೂಲು ಹಾಗೂ ಚಿಂದಿಯಿಂದ ತಯಾರಾಗುವ ಫೆಲ್ಟ್ ಕಾರು ತಯಾರಕರಿಗೆ ಬೇಕಾದ ಸರಕು. 2012ರ ಮಾದರಿಯ ಫೋರ್ಡ್ ಫೋಕಸ್ ಕಾರಿನಲ್ಲಿ ಹಳೆಯ ಜೀನ್ಸ್ ಬಟ್ಟೆಯ ಹತ್ತಿಯನ್ನು ಶಬ್ದ ಹೀರಲು ಬಳಸಲಾಗಿತ್ತು. ಬೆಂಕಿನಿರೋಧಕ ಸಂಸ್ಕರಣೆ ಮತ್ತು ಪರೀಕ್ಷಾ ಪ್ರಮಾಣಪತ್ರದ ವೆಚ್ಚವನ್ನು ಮೊದಲೇ ಲೆಕ್ಕ ಹಾಕಿ ಮುಂದುವರಿಯುವ ಸಣ್ಣ ಘಟಕಗಳಿಗೆ ಇದು ಪರಿಶೀಲನಾರ್ಹ ಕ್ಷೇತ್ರ.

ಒಟ್ಟಿನಲ್ಲಿ, ಮೊದಲು ಅಳತೆ, ಬಳಿಕ ದುರಸ್ತಿ, ತದನಂತರ ಬಾಗಿಲು, ಆಮೇಲೂ ಬೇಕೆನಿಸಿದರೆ ನೆಲ ಹಾಗೂ ಡಿಕ್ಕಿ. ಪ್ರತಿ ಹಂತದ ನಂತರ ಕಾರನ್ನು ಓಡಿಸಿ ನೋಡಿ, ಫಲ ಕಂಡರಷ್ಟೇ ಮುಂದಿನ ಹಂತಕ್ಕೆ ಹಣ ಹಾಕುವುದು ವಿವೇಕ. ಹಿಂದಿನ ವಾಹನದ ಹಾರ್ನ್ ಕೇಳಿಸುವಷ್ಟು ಸದ್ದು ಒಳಗೆ ಬರುತ್ತಿರಲೇಬೇಕು ಎಂಬುದನ್ನೂ ಮರೆಯಬಾರದು.