ಪದಬಂಧದಲ್ಲಿ ಸಂಕೀರ್ಣಾರ್ಥದ ಸುಳಿವುಗಳು

ಸಂಕೀರ್ಣತೆ, ಗೋಜಲು, ತೊಡಕು ಮುಂತಾದ ಅರ್ಥದ ಪದಗಳಿರುವ ಸುಳಿವುಗಳು ಪದಬಂಧಗಳಲ್ಲಿ ಎರಡು ಬಗೆಯಾಗಿ ಬರುತ್ತವೆ. ಕೆಲವೆಡೆ ಆ ಪದವು ಉತ್ತರದ ಅರ್ಥವನ್ನು ತಿಳಿಸುತ್ತದೆ. ಇನ್ನು ಕೆಲವೆಡೆ ಅಕ್ಷರಗಳ ಸ್ಥಾನ ಬದಲಿಸಬೇಕೆಂಬ ಸೂಚನೆಯಾಗಿರುತ್ತದೆ. ಆರ್ಥರ್ ವಿನ್ ರಚಿಸಿದ, 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟವಾದ ಪದಬಂಧದ ಸುಳಿವುಗಳು ನೇರಾರ್ಥದವು. ಎರಡನೆಯ ಬಗೆಯು ಅನಂತರ ಬ್ರಿಟನ್ನಿನ ಪತ್ರಿಕೆಗಳಲ್ಲಿ ಬೆಳೆಯಿತು.

ಅರ್ಥಸೂಚಕ ಸುಳಿವು

ಕನ್ನಡ ಪದಬಂಧದಲ್ಲಿ ಒಂದು ಚೌಕಕ್ಕೆ ಒಂದು ಅಕ್ಷರ. ಗುಣಿತಾಕ್ಷರ, ಒತ್ತಕ್ಷರ, ಅನುಸ್ವಾರ ಸೇರಿದ ಅಕ್ಷರ ಎಲ್ಲವೂ ಒಂದೊಂದೇ ಚೌಕವನ್ನು ತುಂಬುತ್ತವೆ. ಹಾಗಾಗಿ ‘ಸಂಕೀರ್ಣ’ಕ್ಕೆ ಮೂರು ಚೌಕಗಳು (ಸಂ-ಕೀ-ರ್ಣ), ‘ಕ್ಲಿಷ್ಟ’ಕ್ಕೆ ಎರಡೇ. ‘ಸುಲಭವಲ್ಲದ (3)’ ಎಂಬ ಸುಳಿವಿಗೆ ಸಂಕೀರ್ಣ, ಜಟಿಲ, ಗಹನ, ಕಠಿಣ ಎಂಬ ನಾಲ್ಕೂ ಹೊಂದುತ್ತವೆ. ಗೋಜಲು, ತೊಡಕು ಇವೂ ಮೂರಕ್ಷರದವೇ ಆದರೂ ನಾಮಪದಗಳಾದ್ದರಿಂದ ಇಲ್ಲಿ ಸಲ್ಲುವುದಿಲ್ಲ. ಭಾವನಾಮ ಕೇಳಿದಾಗ ತೊಂದರೆ ಹೆಚ್ಚು: ಸಂಕೀರ್ಣತೆ, ಜಟಿಲತೆ, ಗಹನತೆ ಎಲ್ಲವೂ ನಾಲ್ಕು ಚೌಕಗಳವು, ಎಲ್ಲವೂ ‘ತೆ’ಯಲ್ಲಿ ಕೊನೆಗೊಳ್ಳುವಂಥವು. ಛೇದಿಸುವ ಪದದಿಂದ ಕೊನೆಯ ಅಕ್ಷರ ದೊರೆತರೂ ಪ್ರಯೋಜನವಿಲ್ಲ. ಮೊದಲ ಮೂರರಲ್ಲಿ ಒಂದಾದರೂ ಬೇಕು. ಅವಸರದಲ್ಲಿ ‘ಜಟಿಲತೆ’ ಎಂದು ಬರೆದು ಅದು ತಪ್ಪಾದರೆ ಅದನ್ನು ಹಾದುಹೋಗುವ ಪದಗಳೆಲ್ಲ ಕೆಡುತ್ತವೆ.

ಪದಗಳ ಅರ್ಥಚ್ಛಾಯೆಯೂ ನೆರವಾಗುತ್ತದೆ. ‘ಜಟಿಲ’ಕ್ಕೆ ಜಟೆಯುಳ್ಳ ಎಂಬ ಮೂಲಾರ್ಥವಿದೆ. ‘ಸಿಕ್ಕು’ ದಾರಕ್ಕೂ ತಲೆಗೂದಲಿಗೂ ಸಂಬಂಧಿಸಿದ್ದು. ಕರ್ನಾಟಕ ಸಂಗೀತದ ತಾಳಗಳಲ್ಲಿ ಒಂಬತ್ತು ಅಕ್ಷರಕಾಲದ ಜಾತಿ ಸಂಕೀರ್ಣ, ಏಳರದು ಮಿಶ್ರ.

ಪಲ್ಲಟಸೂಚಕ ಸುಳಿವು

‘ಗೋಜಲಿಗೆ ಸಿಕ್ಕ ರಮಣನಿಗೆ ಸಾವು (3)’ ಎಂಬ ಸುಳಿವಿನಲ್ಲಿ ಗೋಜಲಿನ ಸಮಾನಾರ್ಥಕ ಪದವನ್ನು ಹುಡುಕಿದರೆ ದಾರಿ ತಪ್ಪುತ್ತದೆ. ಅರ್ಥ ಇರುವುದು ‘ಸಾವು’ ಎಂಬಲ್ಲಿ. ‘ರಮಣ’ದ ಅಕ್ಷರಗಳನ್ನು ಕಲಸಿದರೆ ‘ಮರಣ’ ದೊರೆಯುತ್ತದೆ. ಮೂರು ಭಿನ್ನ ಅಕ್ಷರಗಳನ್ನು ಜೋಡಿಸುವ ಕ್ರಮಗಳು 6. ಮೂಲಪದವನ್ನು ಬಿಟ್ಟರೆ ಉಳಿಯುವುದು 5. ‘ಣ’ದಿಂದ ಆರಂಭವಾಗುವ ಎರಡನ್ನು ಕೂಡಲೇ ಕೈಬಿಡಬಹುದು. ಐದು ಬೇರೆ ಬೇರೆ ಅಕ್ಷರಗಳ ಇಂಗ್ಲಿಷ್ ಪದಕ್ಕಾದರೆ 120 ಕ್ರಮಗಳು. ಕನ್ನಡದಲ್ಲಿ ಈ ಬಗೆಯ ಸುಳಿವು ಗುರುತಿಸಲು ಕಷ್ಟ, ಗುರುತಿಸಿದ ಮೇಲೆ ಸುಲಭ.

‘ಕ್ಸಿಮಿನೀಸ್’ ಎಂಬ ಹೆಸರಿನಲ್ಲಿ ಪದಬಂಧ ರಚಿಸುತ್ತಿದ್ದ ಡಿ. ಎಸ್. ಮ್ಯಾಕ್‌ನಟ್ 1966ರ ತಮ್ಮ ಗ್ರಂಥದಲ್ಲಿ ಸುಳಿವಿನೊಳಗೆ ಅನಗತ್ಯವಾದುದೇನೂ ಇರಬಾರದೆಂಬ ನಿಲುವನ್ನು ಪ್ರತಿಪಾದಿಸಿದರು. ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವ ಕನ್ನಡದಲ್ಲಿ ಇದನ್ನು ಕಟ್ಟುನಿಟ್ಟಾಗಿ ಪಾಲಿಸುವುದು ಕಠಿಣ: ಮೇಲಿನ ಉದಾಹರಣೆಯಲ್ಲಿಯೇ ‘ನಿಗೆ’ ಎಂಬುದನ್ನು ಬಿಡಿಸುವವರು ತಾವಾಗಿಯೇ ಕಳಚಿಡಬೇಕಾಗುತ್ತದೆ.